ಉಗುರಿಗೆ ಮಾತ್ರ, ಚರ್ಮಕ್ಕಲ್ಲ: ಜೆಲ್ ನೇಲ್ ಕೆಲಸ ಕಲಿಯುವ ಸಹೋದರಿಯರಿಗೆ

ಮದುವೆ ಮನೆಗೆ ಮೆಹಂದಿ ಹಾಕಲು ಹೋಗುವ ಹೆಣ್ಣುಮಕ್ಕಳಿಗೆ ಈಗ ಇನ್ನೊಂದು ಪ್ರಶ್ನೆ ಎದುರಾಗುತ್ತಿದೆ: "ನೇಲ್ಸ್ ಕೂಡ ಮಾಡ್ತೀರಾ?" ಮನೆಯ ಒಂದು ಕೋಣೆಯಲ್ಲಿ ಮಹಿಳೆಯರಿಗಾಗಿಯೇ ಪಾರ್ಲರ್ ನಡೆಸುವ ಸಹೋದರಿಯರಿಗೂ ಇದೇ ಪ್ರಶ್ನೆ. ಹೆಚ್ಚು ಬಂಡವಾಳ ಬೇಡ, ಮನೆ ಬಿಟ್ಟು ಹೋಗಬೇಕಾಗಿಲ್ಲ, ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ನಾಲ್ಕು ಕಾಸು ಸಂಪಾದಿಸಬಹುದು. ಆದ್ದರಿಂದ ಆನ್‌ಲೈನ್‌ನಲ್ಲಿ ಒಂದು ಕಿಟ್ ತರಿಸಿ, ಮೊಬೈಲ್‌ನಲ್ಲಿ ಕೆಲವು ವಿಡಿಯೋ ನೋಡಿ ಕೆಲಸ ಶುರು ಮಾಡುವವರಿದ್ದಾರೆ.

ದುಡಿಯುವ ಉತ್ಸಾಹ ಒಳ್ಳೆಯದೇ. ಆದರೆ ಜೆಲ್ ಎಂದರೆ ಸ್ವಲ್ಪ ಹೆಚ್ಚು ಹೊಳೆಯುವ ನೇಲ್ ಪಾಲಿಶ್ ಎಂದು ತಿಳಿದರೆ ಅಲ್ಲೇ ತಪ್ಪಿತು. ಅದನ್ನು ಸರಿಯಾಗಿ ಬಳಸದಿದ್ದರೆ ಬಂದವರ ಉಗುರು ಹಾಳಾಗುತ್ತದೆ. ಅದಕ್ಕಿಂತ ಮೊದಲು ಹಾಳಾಗುವುದು ಹಚ್ಚುವವಳ ಕೈ. ಈ ಕೆಲಸದಲ್ಲಿ ಬಣ್ಣ, ಡಿಸೈನ್, ಹೊಳಪು ಎಲ್ಲವೂ ಆಮೇಲಿನ ಮಾತು. ಮೊದಲು ಕಲಿಯಬೇಕಾದದ್ದು ಒಂದೇ: ಗಟ್ಟಿಯಾಗದ ಜೆಲ್ ಯಾರ ಚರ್ಮಕ್ಕೂ ತಾಗಬಾರದು.

ಪಾಲಿಶ್ ಒಣಗುತ್ತದೆ, ಜೆಲ್ ಗಟ್ಟಿಯಾಗುತ್ತದೆ

ಸಾಮಾನ್ಯ ನೇಲ್ ಪಾಲಿಶ್‌ನಲ್ಲಿರುವ ದ್ರಾವಕ ಗಾಳಿಗೆ ಆರಿಹೋಗುತ್ತದೆ, ಬಣ್ಣದ ಪದರ ಉಗುರಿನ ಮೇಲೆ ಉಳಿಯುತ್ತದೆ. ಜೆಲ್ ಹಾಗಲ್ಲ. ಅದು ಗಾಳಿಗೆ ಎಷ್ಟು ಹೊತ್ತು ಇಟ್ಟರೂ ಒಣಗದು. ಅದರಲ್ಲಿ ಅಕ್ರಿಲೇಟ್, ಮೆಥಾಕ್ರಿಲೇಟ್ ಎಂಬ ಗುಂಪಿನ ಸಣ್ಣ ಅಣುಗಳಿರುತ್ತವೆ. ಜೊತೆಗೆ ಬೆಳಕು ಬಿದ್ದಾಗ ಕೆಲಸ ಆರಂಭಿಸುವ ಒಂದು ರಾಸಾಯನಿಕ ಇರುತ್ತದೆ. ದೀಪದ ಬೆಳಕು ಬಿದ್ದಾಗ ಈ ಸಣ್ಣ ಅಣುಗಳು ಕೈ ಕೈ ಹಿಡಿದು ಉದ್ದನೆಯ ಸರಪಳಿಗಳಾಗುತ್ತವೆ. ಹೀಗೆ ಉಗುರಿನ ಮೇಲೆಯೇ ಒಂದು ಪ್ಲಾಸ್ಟಿಕ್ ಪದರ ತಯಾರಾಗುತ್ತದೆ.

ಪೂರ್ತಿ ಗಟ್ಟಿಯಾದ ಜೆಲ್‌ನಿಂದ ಅಪಾಯ ಬಹಳ ಕಡಿಮೆ. ಅಪಾಯ ಇರುವುದು ಹಸಿ ಜೆಲ್‌ನಲ್ಲಿ ಮತ್ತು ಅರೆಬರೆ ಗಟ್ಟಿಯಾದ ಜೆಲ್‌ನಲ್ಲಿ. ಸಣ್ಣ ಅಣುಗಳು ಚರ್ಮದೊಳಗೆ ಇಳಿಯಬಲ್ಲವು. ಅವುಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಹೀಮಾ ಎಂದು ಕರೆಯುವ ಮೆಥಾಕ್ರಿಲೇಟ್. ಬಾಟಲಿಯ ಮೇಲೆ ಎಚ್, ಇ, ಎಂ, ಎ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಹೆಸರಿರುತ್ತದೆ.

ಬಂದ ಅಲರ್ಜಿ ಹೋಗುವುದಿಲ್ಲ

ಹಸಿ ಜೆಲ್ ಒಮ್ಮೆ ಬೆರಳಿಗೆ ತಾಗಿದಾಗ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಹತ್ತು ಸಲ ತಾಗಿದಾಗಲೂ ಆಗದಿರಬಹುದು. ಮೋಸ ಹೋಗುವುದು ಅಲ್ಲೇ. ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳ ನಂತರ ಒಂದು ದಿನ ಬೆರಳ ತುದಿ ಕೆಂಪಾಗಿ ತುರಿಸತೊಡಗುತ್ತದೆ. ಚರ್ಮ ಬಿರಿಯುತ್ತದೆ, ಸಿಪ್ಪೆ ಏಳುತ್ತದೆ, ಉರಿಯುತ್ತದೆ. ಕೆಲವರ ಉಗುರು ಬುಡ ಬಿಟ್ಟು ಸಡಿಲವಾಗುತ್ತದೆ. ಕೈಯಿಂದ ಮುಖ ಮುಟ್ಟಿಕೊಂಡಾಗ ಕಣ್ಣಿನ ರೆಪ್ಪೆ, ಕೆನ್ನೆ, ಕುತ್ತಿಗೆಯಲ್ಲೂ ದದ್ದು ಕಾಣಿಸಿಕೊಳ್ಳಬಹುದು. ರೆಪ್ಪೆ ಊದಿದಾಗ ಉಗುರಿನ ಜೆಲ್ ಇದಕ್ಕೆ ಕಾರಣ ಎಂದು ಯಾರಿಗೂ ಹೊಳೆಯುವುದಿಲ್ಲ. ಕಾಡಿಗೆ, ಕ್ರೀಮ್, ಸಾಬೂನು ಬದಲಿಸುತ್ತಾ ಕಾಲ ಕಳೆಯುತ್ತದೆ.

ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಮುಲಾಮು ಹಚ್ಚಿದರೆ ದದ್ದು ಇಳಿಯುತ್ತದೆ, ಆದರೆ ಮತ್ತೆ ಜೆಲ್ ಮುಟ್ಟಿದರೆ ಮತ್ತೆ ಏಳುತ್ತದೆ. ಕಲಿತ ಕೆಲಸವನ್ನೇ ಬಿಡಬೇಕಾದ ಸ್ಥಿತಿ ಬರಬಹುದು. ವಿಷಯ ಅಲ್ಲಿಗೇ ಮುಗಿಯುವುದೂ ಇಲ್ಲ. ಹಲ್ಲಿನ ಡಾಕ್ಟರ್ ಹುಳುಕಿಗೆ ತುಂಬುವ ಬಿಳಿ ಸಿಮೆಂಟ್, ಮೊಣಕಾಲು ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಮೂಳೆ ಸಿಮೆಂಟ್, ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಗ್ಲುಕೋಸ್ ಸೆನ್ಸರ್‌ನ ಅಂಟು, ಇವುಗಳಲ್ಲೂ ಇದೇ ಕುಟುಂಬದ ರಾಸಾಯನಿಕಗಳಿರುತ್ತವೆ. ಇಪ್ಪತ್ತರ ವಯಸ್ಸಿನಲ್ಲಿ ಉಗುರಿನ ಅಂದಕ್ಕಾಗಿ ತಂದುಕೊಂಡ ಅಲರ್ಜಿ ಅರವತ್ತರಲ್ಲಿ ಮಂಡಿ ಚಿಕಿತ್ಸೆಗೆ ತೊಡಕಾಗಬಹುದು.

ಬ್ರಿಟನ್‌ನ ಚರ್ಮವೈದ್ಯರ ಸಂಘ 2018ರಲ್ಲೇ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಮನೆಯಲ್ಲೇ ಬಳಸುವ ಕಿಟ್‌ಗಳ ಬಗ್ಗೆ ಅದಕ್ಕೆ ವಿಶೇಷ ಕಳವಳವಿತ್ತು. ಹೊಸಬರ ಕೈಯಲ್ಲಿ ಜೆಲ್ ಚರ್ಮಕ್ಕೆ ಹರಿಯುವುದೇ ಹೆಚ್ಚು.

ಕೊಳ್ಳುವಾಗ ಬಾಟಲಿ ತಿರುಗಿಸಿ ನೋಡಿ

ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಸೌಂದರ್ಯವರ್ಧಕಗಳ ಲೇಬಲ್ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಒಳಗಿರುವ ಪದಾರ್ಥಗಳ ಪಟ್ಟಿ ಇರಬೇಕು. ವಿದೇಶದಿಂದ ಬಂದದ್ದಾದರೆ ಆಮದುದಾರರ ಹೆಸರು, ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಬೇಕು. ಇವು ಯಾವುದೂ ಇಲ್ಲದೆ ಬರೀ ಬಣ್ಣದ ಚಿತ್ರವಿರುವ ಬಾಟಲಿ ಎಷ್ಟೇ ಅಗ್ಗವಾಗಿದ್ದರೂ ಬೇಡ. ನಾಳೆ ಯಾರಿಗಾದರೂ ತೊಂದರೆಯಾದರೆ ಡಾಕ್ಟರ್ ಕೇಳುವ ಮೊದಲ ಪ್ರಶ್ನೆ "ಅದರಲ್ಲಿ ಏನಿತ್ತು?" ಎಂಬುದು. ಪಟ್ಟಿಯೇ ಇಲ್ಲದಿದ್ದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಪಟ್ಟಿಯಲ್ಲಿ ಹೀಮಾ ಇದೆಯೇ ನೋಡಿ. ಯುರೋಪ್ ಒಕ್ಕೂಟದಲ್ಲಿ 2021ರಿಂದ ಹೀಮಾ ಇರುವ ಉಗುರಿನ ಉತ್ಪನ್ನಗಳು ತರಬೇತಿ ಪಡೆದವರ ಬಳಕೆಗೆ ಮಾತ್ರ. ಅಲರ್ಜಿ ಉಂಟಾಗಬಹುದು ಎಂಬ ಎಚ್ಚರಿಕೆಯನ್ನೂ ಅವುಗಳ ಮೇಲೆ ಮುದ್ರಿಸಬೇಕು. ಹೊಸಬರು ಹೀಮಾ ಇಲ್ಲದ್ದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆದರೆ "ಹೀಮಾ ಫ್ರೀ" ಎಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಅದರಲ್ಲಿ ಅದೇ ಗುಂಪಿನ ಬೇರೆ ರಾಸಾಯನಿಕ ಇದ್ದೇ ಇರುತ್ತದೆ, ಇಲ್ಲದಿದ್ದರೆ ಅದು ಗಟ್ಟಿಯಾಗಲಾರದು. "ಆರ್ಗಾನಿಕ್", "ಕೆಮಿಕಲ್ ಫ್ರೀ ಜೆಲ್" ಎಂಬ ಮಾತುಗಳಿಗೆ ಅರ್ಥವಿಲ್ಲ. ಇನ್ನೊಂದು ಹೆಸರು ಟಿಪಿಓ. ಬೆಳಕಿಗೆ ಜೆಲ್ ಗಟ್ಟಿಯಾಗುವಂತೆ ಮಾಡುವ ಈ ರಾಸಾಯನಿಕವನ್ನು ಯುರೋಪ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಅಲ್ಲಿ ಮಾರಲಾಗದ ಸರಕು ಇಲ್ಲಿ ಅಗ್ಗದ ಬೆಲೆಗೆ ಸಿಕ್ಕರೆ ಮರುಳಾಗಬೇಡಿ.

ಆರಂಭದಲ್ಲಿ ಅಸಿಟೋನ್‌ನಲ್ಲಿ ನೆನೆಸಿ ತೆಗೆಯಬಹುದಾದ ಜೆಲ್ ಪಾಲಿಶ್ ಮಾತ್ರ ಸಾಕು. ಉಗುರು ಉದ್ದ ಮಾಡಲು ಬಳಸುವ ಹಾರ್ಡ್ ಜೆಲ್ ಅಸಿಟೋನ್‌ಗೆ ಕರಗದು, ಅದನ್ನು ಉಜ್ಜಿಯೇ ತೆಗೆಯಬೇಕು. ಕೈ ಪಳಗದವರು ಉಜ್ಜಿದರೆ ಜೆಲ್ ಜೊತೆ ಉಗುರೂ ಹೋಗುತ್ತದೆ. ಮೂವತ್ತು ಬಣ್ಣಗಳ ಪೆಟ್ಟಿಗೆಯ ಬದಲು ಒಂದೇ ಕಂಪೆನಿಯ ಬೇಸ್, ಟಾಪ್ ಮತ್ತು ಐದಾರು ಬಣ್ಣ ಕೊಳ್ಳಿ. ಉಳಿದ ಹಣವನ್ನು ದೀಪಕ್ಕೂ ಗ್ಲೌಸ್‌ಗೂ ಹಾಕಿ. ಬಾಟಲಿಗಳನ್ನು ಕಿಟಕಿಯ ಬಿಸಿಲಿನಿಂದ, ಉರಿಯುವ ದೀಪದಿಂದ ದೂರ ಇಡಿ.

ದೀಪ ಜೆಲ್‌ಗೆ ಹೊಂದಬೇಕು

ಹೊಸಬರು ದೀಪ ಕೊಳ್ಳುವಾಗ ವ್ಯಾಟ್ ಎಷ್ಟು ಎಂದು ಮಾತ್ರ ಕೇಳುತ್ತಾರೆ. ದೊಡ್ಡ ಸಂಖ್ಯೆ ಇದ್ದರೆ ಒಳ್ಳೆಯ ದೀಪ ಎಂಬ ನಂಬಿಕೆ. ವ್ಯಾಟ್ ಹೇಳುವುದು ವಿದ್ಯುತ್ ಖರ್ಚನ್ನು. ಜೆಲ್‌ಗೆ ಬೇಕಾದ ಬೆಳಕು ಉಗುರಿಗೆ ಬೀಳುತ್ತಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಈ ದೀಪಗಳ ಬೆಳಕು ಹೆಚ್ಚಾಗಿ 365ರಿಂದ 405 ನ್ಯಾನೋಮೀಟರ್ ಅಲೆಯಳತೆಯದು. ಯಾವ ಅಳತೆಗೆ ಯಾವ ಜೆಲ್ ಗಟ್ಟಿಯಾಗುತ್ತದೆ ಎಂಬುದು ತಯಾರಿಸಿದವರಿಗೇ ಗೊತ್ತು. ಆದ್ದರಿಂದ ಆ ಜೆಲ್‌ನ ಕಂಪೆನಿ ಹೇಳಿದ ದೀಪವನ್ನೇ ಬಳಸಿ, ಅದು ಹೇಳಿದಷ್ಟು ಸಮಯವನ್ನೇ ಕೊಡಿ.

ದೀಪ ಹೊಂದದಿದ್ದರೆ ಆಗುವ ಅನಾಹುತ ಕಣ್ಣಿಗೆ ಕಾಣದು. ಮೇಲ್ಪದರ ಗಟ್ಟಿಯಾಗಿ ಹೊಳೆಯುತ್ತದೆ, ಅಡಿಯಲ್ಲಿ ಜೆಲ್ ಹಸಿಯಾಗಿಯೇ ಉಳಿಯುತ್ತದೆ. ಎರಡು ವಾರ ಆ ಹಸಿ ಜೆಲ್ ಉಗುರಿಗೆ ಅಂಟಿಕೊಂಡಿರುತ್ತದೆ. ಅದನ್ನು ಉಜ್ಜಿ ತೆಗೆಯುವಾಗ ಏಳುವ ಪುಡಿ ನಿಮ್ಮ ಮುಖಕ್ಕೂ ಕೈಗೂ ಬೀಳುತ್ತದೆ.

ಪ್ರತಿ ಪದರ ತೆಳ್ಳಗಿರಲಿ. ಕಪ್ಪು, ಬಿಳಿ ಮತ್ತು ಗಾಢ ಬಣ್ಣಗಳು ಬೆಳಕನ್ನು ತಡೆಯುವುದರಿಂದ ಅವುಗಳನ್ನು ದಪ್ಪಗೆ ಹಚ್ಚಿದರೆ ಅಡಿಗೆ ಬೆಳಕು ಮುಟ್ಟದು. ನಾಲ್ಕು ಬೆರಳಿನ ಜೊತೆ ಹೆಬ್ಬೆರಳು ದೀಪದೊಳಗೆ ಅಡ್ಡಡ್ಡ ಕೂರುತ್ತದೆ, ಅದನ್ನು ಬೇರೆಯಾಗಿಯೇ ಇಡಿಸಿ. ದೀಪದೊಳಗೆ ಉಗುರು ಚುರುಕ್ಕೆಂದು ಬಿಸಿಯಾದರೆ ಪದರ ದಪ್ಪವಾಗಿರಬಹುದು, ಅಥವಾ ಉಗುರು ಈಗಾಗಲೇ ತೆಳುವಾಗಿರಬಹುದು. "ಸ್ವಲ್ಪ ತಡ್ಕೊಳ್ಳಿ" ಎನ್ನದೆ ತಕ್ಷಣ ಕೈ ಹೊರಗೆ ತೆಗೆಸಿ.

ಈ ದೀಪದ ಬೆಳಕು ಚರ್ಮಕ್ಕೆ ಹಾನಿಯೇ ಎಂದು ಹಲವರು ಕೇಳುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ವಿಭಾಗದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ದೀಪದ ಕೆಳಗೆ 20 ನಿಮಿಷ ಇಟ್ಟ ಜೀವಕೋಶಗಳಲ್ಲಿ ಶೇಕಡಾ 20ರಿಂದ 30ರಷ್ಟು ಸತ್ತವು, ಉಳಿದವುಗಳ ಡಿಎನ್‌ಎಗೆ ಹಾನಿಯಾಗಿತ್ತು. ಇದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ನಡೆದದ್ದು. ಇದರಿಂದ ಕ್ಯಾನ್ಸರ್ ಬರುತ್ತದೆ ಎಂದು ಸಾಬೀತಾಗಿಲ್ಲ. ಆದರೂ ಕೈಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚುವುದು, ಇಲ್ಲವೇ ಬೆರಳ ತುದಿ ಮಾತ್ರ ಹೊರಗಿರುವ ದಪ್ಪ ಗ್ಲೌಸ್ ತೊಡಿಸುವುದು ಸುಲಭದ ಮುಂಜಾಗ್ರತೆ. ಸನ್‌ಸ್ಕ್ರೀನ್ ಉಗುರಿಗೆ ತಾಗಿದರೆ ಜೆಲ್ ಹಿಡಿಯದು, ಅದನ್ನು ಒರೆಸಿಕೊಳ್ಳಿ.

ಹಚ್ಚುವಾಗಿನ ಎಚ್ಚರ

ಮೊದಲು ಇಬ್ಬರೂ ಕೈ ತೊಳೆಯಿರಿ. ಉಗುರುಗಳನ್ನು ಒಂದೊಂದಾಗಿ ನೋಡಿ. ಹಳದಿ ಬಣ್ಣಕ್ಕೆ ತಿರುಗಿ ದಪ್ಪವಾದ, ಪುಡಿಯಾಗುವ, ಬುಡ ಬಿಟ್ಟ, ಹಸಿರುಗಟ್ಟಿದ ಉಗುರಿನ ಮೇಲೆ ಏನನ್ನೂ ಹಚ್ಚಬಾರದು. ಸುತ್ತಲೂ ಊತ, ಕೀವು, ಗಾಯ ಇದ್ದರೂ ಬೇಡ. ಅಂಥವರನ್ನು ಡಾಕ್ಟರ್ ಬಳಿ ಕಳುಹಿಸಿ. ಹಿಂದೆ ಜೆಲ್‌ನಿಂದ, ಹಲ್ಲಿನ ಸಿಮೆಂಟ್‌ನಿಂದ ತುರಿಕೆ ಆಗಿತ್ತೇ ಎಂದು ಕೇಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ಸಣ್ಣ ಗಾಯವೂ ಬೇಗ ವಾಸಿಯಾಗದು ಎಂಬುದು ನೆನಪಿರಲಿ.

ಉಗುರಿನ ಬುಡದ ತೆಳು ಚರ್ಮವನ್ನು ಕತ್ತರಿಸಬೇಡಿ. ಕೊಳೆ, ನೀರು, ಕ್ರಿಮಿ ಒಳಗೆ ಹೋಗದಂತೆ ತಡೆಯುವ ಬಾಗಿಲು ಅದು. ಮರದ ಕಡ್ಡಿಯಿಂದ ಮೃದುವಾಗಿ ಹಿಂದಕ್ಕೆ ಸರಿಸಿದರೆ ಸಾಕು. ಉಗುರಿನ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಬೇಸ್, ಬಣ್ಣ, ಟಾಪ್ ಯಾವುದನ್ನು ಹಚ್ಚುವಾಗಲೂ ಚರ್ಮದಿಂದ ಒಂದು ಕೂದಲೆಳೆಯಷ್ಟು ಜಾಗ ಬಿಡಿ. ಹರಿದು ಚರ್ಮಕ್ಕೆ ತಾಗಿದರೆ ದೀಪದೊಳಗೆ ಇಡುವ ಮೊದಲೇ ಕಡ್ಡಿಯಿಂದ ಒರೆಸಿ ತೆಗೆಯಿರಿ. "ಆಮೇಲೆ ಸರಿ ಮಾಡೋಣ" ಎಂದು ದೀಪ ಹಚ್ಚಿದರೆ ಅದು ಚರ್ಮದ ಮೇಲೇ ಗಟ್ಟಿಯಾಗುತ್ತದೆ.

ಎಲ್ಲ ಮುಗಿದ ಮೇಲೆ ಹಲವು ಜೆಲ್‌ಗಳ ಮೇಲ್ಭಾಗದಲ್ಲಿ ಅಂಟಂಟು ಉಳಿಯುತ್ತದೆ. ಗಾಳಿಯ ಆಮ್ಲಜನಕ ತಾಗಿ ಗಟ್ಟಿಯಾಗದೆ ಉಳಿದ ಹಸಿ ಜೆಲ್ ಅದು. ಅದನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ. ಕ್ಲೀನರ್ ಹಾಕಿದ ಪ್ಯಾಡ್‌ನಿಂದ, ಚರ್ಮಕ್ಕೆ ಸವರದಂತೆ ಬುಡದಿಂದ ತುದಿಯ ಕಡೆಗೆ ಒರೆಸಿ. ಒಂದೇ ಪ್ಯಾಡ್‌ನಿಂದ ಹತ್ತೂ ಬೆರಳು ಒರೆಸುವುದೆಂದರೆ ಅದನ್ನು ಹತ್ತು ಬೆರಳಿಗೂ ಹಂಚಿದಂತೆ.

ನಿಮ್ಮ ಕೈಗೆ ನೈಟ್ರೈಲ್ ಗ್ಲೌಸ್ ಇರಲಿ. ರಬ್ಬರ್ ಅಥವಾ ತೆಳು ಪ್ಲಾಸ್ಟಿಕ್ ಗ್ಲೌಸ್ ಇದಕ್ಕೆ ಸಾಲದು. ನೈಟ್ರೈಲ್ ಕೂಡ ಕೋಟೆಯಲ್ಲ, ಜೆಲ್ ಕೆಲವೇ ನಿಮಿಷಗಳಲ್ಲಿ ಅದನ್ನು ದಾಟಬಲ್ಲದು. ಗ್ಲೌಸ್‌ಗೆ ಜೆಲ್ ತಾಗಿದರೆ ಕೂಡಲೇ ಬದಲಿಸಿ, ತಾಗದಿದ್ದರೂ ಪ್ರತಿಯೊಬ್ಬರಿಗೂ ಹೊಸದು ಹಾಕಿ. ಬಾಟಲಿಯ ಕತ್ತು, ಬ್ರಷ್ಷಿನ ಹಿಡಿ, ದೀಪದ ಒಳಗಡೆ, ಮೇಜಿನ ಮೇಲೆ ಹಸಿ ಜೆಲ್ ಉಳಿದಿರುತ್ತದೆ. ಕೆಲಸ ಮುಗಿದು ಗ್ಲೌಸ್ ತೆಗೆದ ಮೇಲೆ ಬರಿಗೈಯಿಂದ ಅವುಗಳನ್ನು ಜೋಡಿಸುವಾಗಲೇ ಹೆಚ್ಚು ತಾಗುತ್ತದೆ. ಗ್ಲೌಸ್ ಇರುವಾಗಲೇ ಒರೆಸಿ ಮುಗಿಸಿ. ಕಿಟಕಿ ತೆರೆದಿರಲಿ. ಉಜ್ಜುವಾಗ ಎನ್-95 ಮಾಸ್ಕ್ ಇರಲಿ, ಆದರೆ ಅದು ಪುಡಿಯನ್ನು ತಡೆಯುತ್ತದೆಯೇ ಹೊರತು ವಾಸನೆಯನ್ನಲ್ಲ. ಅಡುಗೆ ಮನೆಯಲ್ಲಿ, ಮಗು ಮಲಗುವ ಕೋಣೆಯಲ್ಲಿ ಈ ಕೆಲಸ ಬೇಡ.

ಒಬ್ಬರದು ಇನ್ನೊಬ್ಬರಿಗೆ ಹೋಗದಿರಲಿ

ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಜೀವಂತ ಇರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಕಾಗದದ ಫೈಲ್, ಬಫರ್, ಮರದ ಕಡ್ಡಿಗಳನ್ನು ತೊಳೆದು ಶುದ್ಧ ಮಾಡಲಾಗದು. ಅವು ಒಬ್ಬರಿಗೆ ಒಂದು. ಮುಗಿದ ಮೇಲೆ ಅವರಿಗೇ ಕೊಟ್ಟುಬಿಡಿ ಅಥವಾ ಬಿಸಾಡಿ. ಲೋಹದ ಉಪಕರಣಗಳನ್ನು ಮೊದಲು ಸಾಬೂನು ನೀರಿನಲ್ಲಿ ಬ್ರಷ್ ಹಾಕಿ ತೊಳೆದು, ಆಮೇಲೆ ಆಸ್ಪತ್ರೆಗಳಲ್ಲಿ ಬಳಸುವಂಥ ಸೋಂಕುನಿವಾರಕದಲ್ಲಿ ಅದರ ಲೇಬಲ್ ಹೇಳಿದಷ್ಟು ಹೊತ್ತು ಮುಳುಗಿಸಿಡಿ. ಆಟೋಕ್ಲೇವ್ ಇದ್ದರೆ ಎಲ್ಲಕ್ಕಿಂತ ಉತ್ತಮ. ನೀಲಿ ಬೆಳಕಿನ ಪೆಟ್ಟಿಗೆಯಲ್ಲಿಟ್ಟರೆ ಶುದ್ಧವಾಯಿತು ಎಂದುಕೊಳ್ಳಬೇಡಿ. ಬೆಳಕು ಬೀಳದ ಬದಿಯಲ್ಲಿ ಕ್ರಿಮಿ ಹಾಗೆಯೇ ಉಳಿಯುತ್ತದೆ.

ತೆಗೆಯಲು ಬರದಿದ್ದರೆ ಹಚ್ಚಬೇಡಿ

ಜೆಲ್‌ನಿಂದ ಉಗುರು ಹಾಳಾಯಿತು ಎನ್ನುವವರಲ್ಲಿ ಹಲವರ ಉಗುರು ಹಾಳಾಗಿರುವುದು ಅದನ್ನು ಕಿತ್ತದ್ದರಿಂದ. ಕಿತ್ತಾಗ ಉಗುರಿನ ಮೇಲಿನ ಪದರವೂ ಜೊತೆಗೆ ಬರುತ್ತದೆ. ಸರಿಯಾದ ಕ್ರಮ ಹೀಗೆ: ಮೇಲಿನ ಹೊಳಪಿನ ಪದರವನ್ನು ಹಗುರವಾಗಿ ಉಜ್ಜಿ, ಸುತ್ತಲಿನ ಚರ್ಮಕ್ಕೆ ವ್ಯಾಸಲಿನ್ ಹಚ್ಚಿ. ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯನ್ನು ಉಗುರಿನ ಮೇಲಿಟ್ಟು ಫಾಯಿಲ್ ಸುತ್ತಿ. ಹತ್ತು ಹದಿನೈದು ನಿಮಿಷ ಬಿಟ್ಟು ಮರದ ಕಡ್ಡಿಯಿಂದ ಮೆಲ್ಲನೆ ದೂಡಿ. ಬಾರದಿದ್ದರೆ ಇನ್ನೈದು ನಿಮಿಷ ಸುತ್ತಿಡಿ, ಕೆರೆಯಬೇಡಿ. ಆಮೇಲೆ ಎಣ್ಣೆ ಹಚ್ಚಿ. ಅಸಿಟೋನ್ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಒಲೆ, ಊದುಬತ್ತಿ, ಲೋಬಾನದ ಕೆಂಡ ಹತ್ತಿರ ಇರಬಾರದು. ನೈಟ್ರೈಲ್ ಗ್ಲೌಸ್ ಕೂಡ ಅಸಿಟೋನ್‌ಗೆ ಬೇಗ ಸೋಲುತ್ತದೆ.

ಹಾಳಾದ ಕೈಯುಗುರು ಪೂರ್ತಿ ಹೊಸದಾಗಿ ಬರಲು ಸುಮಾರು ಆರು ತಿಂಗಳು ಬೇಕು.

ಹಣ ಪಡೆಯುವ ಮೊದಲು ಹೇಳಬೇಕಾದ ಮಾತು

ನಿಮ್ಮ ಬಳಿ ಬರುವವರಲ್ಲಿ ನಮಾಝ್ ಮಾಡುವವರಿರುತ್ತಾರೆ. ವುಝೂವಿನಲ್ಲಿ ಕೈಕಾಲು ತೊಳೆಯುವಾಗ ನೀರು ಉಗುರಿಗೂ ತಾಗಬೇಕು. ಜೆಲ್ ನೀರನ್ನು ಒಳಗೆ ಬಿಡದ ಪದರ. ಹಾಗಾಗಿ ಅದು ಇರುವಷ್ಟು ದಿನ ವುಝೂ ಆಗಲೀ ಕಡ್ಡಾಯ ಸ್ನಾನವಾಗಲೀ ಪೂರ್ಣವಾಗದು ಎಂಬುದು ಸಾಮಾನ್ಯವಾಗಿ ವಿದ್ವಾಂಸರ ನಿಲುವು. ಸಾಮಾನ್ಯ ಪಾಲಿಶ್ ಆದರೆ ರಿಮೂವರ್‌ನಿಂದ ಒಂದು ನಿಮಿಷದಲ್ಲಿ ತೆಗೆಯಬಹುದು. ಜೆಲ್ ಎರಡು ಮೂರು ವಾರ ಉಳಿಯಲೆಂದೇ ಮಾಡಿದ್ದು. ಇದನ್ನು ತಿಳಿಯದೆ ಮದುವೆಯ ಸಂಭ್ರಮದಲ್ಲಿ ಹಚ್ಚಿಸಿಕೊಂಡು, ಮರುದಿನ ವುಝೂ ಮಾಡಲು ನಿಂತಾಗ ಹೊಳೆದು, ಬ್ಲೇಡಿನಿಂದ ಕೆರೆದು ಉಗುರು ಗಾಯ ಮಾಡಿಕೊಂಡರೆ ಆ ನೋವಿನಲ್ಲಿ ಹಚ್ಚಿದವಳ ಪಾಲೂ ಇದೆ.

ಮುಟ್ಟಿನ ದಿನಗಳಲ್ಲಿ ಹಚ್ಚಿಕೊಂಡು ಸ್ನಾನಕ್ಕೆ ಮೊದಲು ತೆಗೆದರಾಯಿತು ಎನ್ನುವವರಿದ್ದಾರೆ. ಸಾಮಾನ್ಯ ಪಾಲಿಶ್‌ಗೆ ಆ ಮಾತು ಸರಿ. ಆದರೆ ಪ್ರತಿ ತಿಂಗಳು ಐದಾರು ದಿನಕ್ಕಾಗಿ ಜೆಲ್ ಹಚ್ಚಿ, ಉಜ್ಜಿ, ಅಸಿಟೋನ್‌ನಲ್ಲಿ ನೆನೆಸಿ ತೆಗೆಯುತ್ತಾ ಹೋದರೆ ಉಗುರು ಕಾಗದದಂತಾಗುತ್ತದೆ. ಅಂಥವರಿಗೆ ಸಾಮಾನ್ಯ ಪಾಲಿಶ್ ಸಾಕು ಎಂದು ನೀವೇ ಹೇಳಿ. "ಗಾಳಿಯಾಡುವ" ಪಾಲಿಶ್ ಎಂಬ ಜಾಹೀರಾತನ್ನೂ ನಂಬಿಸಬೇಡಿ. ಪದರದ ಮೂಲಕ ಒಂದಿಷ್ಟು ಆವಿ ಹಾಯುವುದು ಬೇರೆ, ತೊಳೆದ ನೀರು ಉಗುರಿಗೆ ತಾಗುವುದು ಬೇರೆ. ಸಂಶಯವಿದ್ದವರು ತಮ್ಮ ಊರಿನ ವಿದ್ವಾಂಸರನ್ನು ಕೇಳಲಿ. ಶಸ್ತ್ರಚಿಕಿತ್ಸೆ ಅಥವಾ ಹೆರಿಗೆ ಹತ್ತಿರವಿರುವವರಿಗೂ ಜೆಲ್ ಬೇಡ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಉಪಕರಣಕ್ಕೆ ಬಣ್ಣದ ಪದರ ಅಡ್ಡಿಯಾಗಬಹುದು, ಉಗುರಿನ ನಿಜ ಬಣ್ಣವೂ ಡಾಕ್ಟರಿಗೆ ಕಾಣದು.

ಹೀಗೆ ಎಲ್ಲವನ್ನೂ ಹೇಳುತ್ತಾ ಹೋದರೆ ಯಾರು ಬರುತ್ತಾರೆ ಎನಿಸಬಹುದು. ಪದರವಿಲ್ಲದ ಅಂದಕ್ಕೂ ಗಿರಾಕಿಗಳಿದ್ದಾರೆ. ಉಗುರು ಶುಚಿ ಮಾಡಿ, ಆಕಾರ ಕೊಟ್ಟು, ನಯವಾಗಿ ಬಫ್ ಮಾಡಿ, ಎಣ್ಣೆ ಹಚ್ಚಿ ತೀಡಿದರೆ ಬಣ್ಣವಿಲ್ಲದೆಯೂ ಹೊಳೆಯುತ್ತದೆ. ಉಗುರಿಗೆ ಮೆಹಂದಿ ಹಚ್ಚಿದರೆ ಅದು ಬಣ್ಣವನ್ನು ಮಾತ್ರ ಬಿಡುತ್ತದೆ, ಪದರವನ್ನಲ್ಲ. ವುಝೂವಿಗೆ ಅದು ಅಡ್ಡಿಯಲ್ಲ. ಆದರೆ ಹತ್ತೇ ನಿಮಿಷದಲ್ಲಿ ಕಪ್ಪಾಗುವ ಕೋನ್ ಬೇಡ. ಮೆಹಂದಿ ಸೊಪ್ಪಿನ ಬಣ್ಣ ಕಪ್ಪಲ್ಲ. ಕಪ್ಪು ಮೆಹಂದಿಯಲ್ಲಿ ಹೆಚ್ಚಾಗಿ ಬೆರೆಸುವುದು ಪಿಪಿಡಿ ಎಂಬ ಕೂದಲು ಬಣ್ಣದ ರಾಸಾಯನಿಕ. ಅದು ಕೈಯಲ್ಲಿ ಬೊಕ್ಕೆ ಎಬ್ಬಿಸಬಲ್ಲದು.

ಕೈಯಲ್ಲಿ ತುರಿಕೆ ಶುರುವಾದರೆ ಕೆಲಸ ನಿಲ್ಲಿಸಿ, ಚರ್ಮರೋಗ ತಜ್ಞರನ್ನು ಕಾಣಿರಿ. ಹೋಗುವಾಗ ಬಾಟಲಿಯನ್ನೂ ಕೊಂಡೊಯ್ಯಿರಿ, ಜೆಲ್ ಕೆಲಸ ಮಾಡುತ್ತೇನೆಂದು ಬಾಯಿಬಿಟ್ಟು ಹೇಳಿ. ಪ್ಯಾಚ್ ಟೆಸ್ಟ್ ಮಾಡಿ ಯಾವುದು ಆಗದೆಂದು ಅವರು ಗುರುತಿಸುತ್ತಾರೆ. ಇನ್ನೂ ಕಲಿಯುತ್ತಿರುವವರು ಮೊದಲ ತಿಂಗಳು ಯಾರ ಕೈಗೂ ಹಚ್ಚದೆ, ಪ್ಲಾಸ್ಟಿಕ್ ಉಗುರಿನ ತುದಿಗಳ ಮೇಲೆಯೇ ಅಭ್ಯಾಸ ಮಾಡಿ. ಅಂಚಿಗೆ ಒಂದು ಹನಿಯೂ ಹರಿಯದಂತೆ ಹತ್ತು ತುದಿಗಳನ್ನು ಮುಗಿಸಲು ಬಂದ ದಿನ, ಮೊದಲ ಗ್ರಾಹಕಿಯನ್ನು ಕರೆಯಿರಿ.